ಹೊನ್ನು ಸಿಕ್ಕ ಮಾಳಿಗೆಯ ಗೋಳು

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಈ ಗಾದೆ ಕಟ್ಟಿದವನು ಖಂಡಿತ ಬಡವನಲ್ಲ. ಬಡವನಿಗೆ ಸಿಟ್ಟಾದರೂ ಬೇಡವೇ? ನನಗಂತೂ ಈಚೆಗೆ ಬೆಳಗ್ಗೆ ಏಳುತ್ತಲೇ ಸಿಟ್ಟು ಬರುತ್ತದೆ, ಚಹಾ ಕುಡಿದ ಮೇಲೆ ಇನ್ನಷ್ಟು ಬರುತ್ತದೆ, ಕಚೇರಿಗೆಂದು ನಮ್ಮೂರು ಸಗರದಲ್ಲಿ ಶಹಾಪುರದ ಬಸ್ಸು ಹತ್ತಿದ ಮೇಲೆ ಹಲ್ಲು ಕಡಿಯುತ್ತಲೇ ಕೂರುತ್ತೇನೆ. ಪಕ್ಕದಲ್ಲಿ ಕೂತವರೆಲ್ಲ ಕೇಳುವುದು ಒಂದೇ ಮಾತು: ಮನೆಯಲ್ಲಿ ಬಂಗಾರ ಸಿಕ್ಕಿತಂತಲ್ಲ, ಎಷ್ಟು ಉಳಿಸಿಕೊಂಡಿರಿ? ಉಳಿಸಿಕೊಂಡವನು ದಿನಾ ಈ ಬಸ್ಸಿನಲ್ಲಿ ಯಾಕೆ ಹೋಗುತ್ತಾನೆ ಎಂದು ಒಬ್ಬನಿಗೂ ಹೊಳೆಯುವುದಿಲ್ಲ.

ಸಿಕ್ಕಿದ್ದು ಸುಳ್ಳಲ್ಲ. ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆಯ ಮನೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಗೇಣುದ್ದ ಮಣ್ಣು. ಮೃಗಶಿರೆಯ, ನಮ್ಮ ಬಾಯಲ್ಲಿ ಮಿರಗದ, ಮಳೆಗೆ ಮುಂಚೆ ಹಳೆಯ ಮಣ್ಣು ಕೆದರಿ ಹೊಸದನ್ನು ಹಾಕಿ ಬಡಿದರೆ ಆ ವರ್ಷ ಮನೆಯೊಳಗೆ ಹನಿ ನೀರು ಬರುವುದಿಲ್ಲ. ಹಾಕಿಸಿರಿ ಎಂದು ಹೆಂಡತಿ ಶರಣಮ್ಮ ವರ್ಷವರ್ಷವೂ ಹೇಳುತ್ತಿದ್ದಳು, ನಾನು ಹ್ಞೂಂ ಅನ್ನುತ್ತಿದ್ದೆ. ಗುಮಾಸ್ತನಾದವನಿಗೆ ಹ್ಞೂಂ ಅನ್ನುವುದು ಕಚೇರಿಯಿಂದ ಅಂಟಿಕೊಂಡ ಚಟ. ಈ ಬೇಸಿಗೆಯಲ್ಲಿ ಊಟಕ್ಕೆ ಕೂತಾಗ ಜಂತಿಯ ಸಂದಿನಿಂದ ಮಣ್ಣು ಉದುರಿ ಸಾರಿಗೆ ಬಿತ್ತು. ಅವಳು ಆ ಬಟ್ಟಲನ್ನೇ ನನ್ನ ಮುಂದೆ ಸರಿಸಿದಳು. ಮರುದಿನವೇ ಮಾಳಿಗೆ ಕೆಲಸದ ಹಣಮಂತನನ್ನು ಕರೆಸಿದೆ.

ಹಣಮಂತ ಪಡಸಾಲೆಯ ಮೇಲಿನ ಮಣ್ಣನ್ನೆಲ್ಲ ಕೆದರಿ ಒಂದು ಕಡೆ ಗುಡ್ಡೆ ಹಾಕಿದ. ಮಾಳಿಗೆಯ ಅಂಚಿನಲ್ಲಿ ಕುಂಬಿ ಎಂಬ ಗಿಡ್ಡ ಗೋಡೆ ಇರುತ್ತದಲ್ಲ, ಅದರ ಬುಡಕ್ಕೆ ಗುದ್ದಲಿ ಹಾಕಿದಾಗ ಟಣ್ ಎಂದಿತು. ಒಂದು ತಾಮ್ರದ ತಂಬಿಗೆ, ಬಾಯಿಗೆ ಅರಗು ಮೆತ್ತಿದ್ದು. ಒಡೆದು ನೋಡಿದರೆ ಹುಣಸೆ ಬೀಜದಂಥ ಸಣ್ಣ ಸಣ್ಣ ಹೊನ್ನಿನ ನಾಣ್ಯಗಳು. ನಾನು, ಶರಣಮ್ಮ, ಹಣಮಂತ ಮೂವರೂ ಅದರ ಸುತ್ತ ಕುಕ್ಕುರುಗಾಲಲ್ಲಿ ಕೂತೆವು. ಕೊನೆಗೆ ಹಣಮಂತನೇ ಗಂಟಲು ಸರಿಮಾಡಿಕೊಂಡು, “ಸಾಹೇಬ್ರ, ನಾ ಏನೂ ನೋಡಿಲ್ರಿ. ನೀವೂ ನೋಡಿಲ್ಲಂದ್ರ ಇಲ್ಲಿಗೇ ಮುಗೀತದ” ಅಂದ.

ಆಗ ನೀವು ಏನು ಮಾಡಿದಿರಿ ಎಂದು ಕೇಳುತ್ತೀರಿ. ಏನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ. ನಮ್ಮ ಓಣಿಯ ಮಾಳಿಗೆಗಳು ಒಂದಕ್ಕೊಂದು ಹೆಗಲು ಹಚ್ಚಿ ನಿಂತಿವೆ. ಆಚೆ ಮಾಳಿಗೆಯಲ್ಲಿ ಸಂಡಿಗೆ ಹಾಕುತ್ತಿದ್ದ ಹೆಂಗಸರು ಆಗಲೇ ಕೈ ಒರೆಸಿಕೊಂಡು ಈಚೆ ದಾಟಿದ್ದರು. ಅವರ ಹಿಂದೆ ಓಣಿ, ಓಣಿಯ ಹಿಂದೆ ಊರು, ಊರಿನ ಹಿಂದೆ ಪೊಲೀಸರು, ಅಧಿಕಾರಿಗಳು. ಪ್ರಾಮಾಣಿಕನಾಗಬೇಕೋ ಬೇಡವೋ ಎಂದು ವಿಚಾರ ಮಾಡಲು ನನಗೆ ಪುರುಸೊತ್ತೇ ಕೊಡಲಿಲ್ಲ. ಮುಂದಿನ ವಾರ ಊರ ಹಿರಿಯರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಇಂಥ ಪ್ರಾಮಾಣಿಕ ಈ ಸೀಮೆಯಲ್ಲೇ ಇಲ್ಲ ಎಂದು ಶಾಲು ಹೊದಿಸಿದರು. ಚಪ್ಪಾಳೆ ತಟ್ಟಿದವರೇ ಮನೆಗೆ ಹೋಗುವ ದಾರಿಯಲ್ಲಿ, ತಂಬಿಗೆ ಎರಡಿದ್ದವಂತೆ ಎಂದು ಮಾತಾಡಿಕೊಂಡರು. ಒಂದೋ ನಾನು ಕಳ್ಳ, ಇಲ್ಲವೇ ಹುಚ್ಚ. ಮೂರನೆಯದಕ್ಕೆ ಊರಲ್ಲಿ ಜಾಗವೇ ಇಲ್ಲ.

ಬಂಗಾರ ಹೋಯಿತು, ಹೋಗಲಿ. ನಮ್ಮಪ್ಪ ಗಳಿಸಿಟ್ಟದ್ದಲ್ಲ. ಆದರೆ ಅಧಿಕಾರಿಗಳು ಪಂಚನಾಮೆ ಮುಗಿಸಿ, ನಾಣ್ಯ ಕಟ್ಟಿಕೊಂಡು ಹೊರಡುವಾಗ, ಮೇಲಿನವರು ಬಂದು ನೋಡುವ ತನಕ ಮಾಳಿಗೆಯ ಒಂದು ಹೆಂಟೆಯೂ ಅಲುಗಬಾರದು ಎಂದು ಸುತ್ತ ಹಗ್ಗ ಕಟ್ಟಿ ಹೋದರು. ಮಣ್ಣೆಲ್ಲ ಒಂದು ಮೂಲೆಯಲ್ಲಿ, ಪಡಸಾಲೆಯ ಮೇಲೆ ಬರೀ ಕಟ್ಟಿಗೆ, ಅದರ ಮೇಲೆ ಆಕಾಶ. ಮಾಳಿಗೆ ನನ್ನದು, ಸೋರುವುದು ನನ್ನ ತಲೆಯ ಮೇಲೆ, ಹಗ್ಗ ಮಾತ್ರ ಅವರದು. ಅವರ ಕಚೇರಿಗೆ ಕೇಳಲು ಹೋದರೆ ಅಲ್ಲಿಯ ಗುಮಾಸ್ತ ತಲೆ ಎತ್ತದೆ, “ಫೈಲು ಮ್ಯಾಲ ಹೋಗ್ಯಾದ್ರಿ” ಅಂದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಅದೇ ಮಾತನ್ನು, ಅದೇ ದನಿಯಲ್ಲಿ, ಹೀಗೆಯೇ ತಲೆ ಎತ್ತದೆ ನಾನು ನೌಕರಿಗೆ ಸೇರಿದಾಗಿನಿಂದ ಹೇಳುತ್ತ ಬಂದಿದ್ದೇನೆ. ಮೇಜಿನ ಈಚೆಗೆ ನಿಂತು ಕೇಳಿದರೆ ಅದು ಇಷ್ಟು ಉರಿಸುತ್ತದೆಂದು ಗೊತ್ತಿರಲಿಲ್ಲ.

ಇದು ಸಾಲದೆಂಬಂತೆ ಕೆಂಭಾವಿಯಿಂದ ಕಾಕನ ಮಗ ಬಸಣ್ಣ ಬಂದಿಳಿದ. ಮದುವೆ ಮುಂಜಿಗೆ ಕರೆದರೂ ಬಾರದವನು. ಆ ಎರಡನೆಯ ತಂಬಿಗೆಯಲ್ಲಿ ಅವನದೂ ಪಾಲಿದೆಯಂತೆ, ಅಜ್ಜ ಇಬ್ಬರಿಗೂ ಅಜ್ಜನೇ ಅಲ್ಲವೇ ಅಂತೆ. ಇಲ್ಲ ಮಾರಾಯ ಎಂದರೆ ನಗುತ್ತಾನೆ. ಉಂಡು ಕೈ ತೊಳೆಯಲು ಎದ್ದವನು ಗೋಡೆ ಗೋಡೆಗೂ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳುತ್ತ ಅಡುಗೆಮನೆಯ ತನಕ ಹೋದ. ಅಲ್ಲಿ ಒಲೆಯ ಹಿಂದಿನ ಗೋಡೆಗೆ ಬಡಿದು, “ಅಣ್ಣಾ, ಇಲ್ಲಿ ಪೊಳ್ಳ ಸಪ್ಪಳ ಬರ್ತದ ನೋಡು” ಅಂದ. ನನ್ನ ಸಿಟ್ಟು ನೆತ್ತಿಗೇರಿತು. ದುರಾಸೆಯ ಬಗ್ಗೆ ನಾನು ಅವತ್ತು ಮಾಡಿದ ಭಾಷಣವನ್ನು ಓಣಿಯವರೆಲ್ಲ ಮಾಳಿಗೆಯ ಮೇಲೆ ನಿಂತು ಕೇಳಿದರು. ಅವನನ್ನು ಮಧ್ಯಾಹ್ನದ ಬಸ್ಸಿಗೇ ಅಟ್ಟಿದೆ. ಮದುವೆಯಾದಾಗಿನಿಂದ ಮೊದಲ ಬಾರಿಗೆ ಶರಣಮ್ಮ ನನ್ನನ್ನು ಮರ್ಯಾದೆಯಿಂದ ನೋಡಿದಳು.

ಮಿರಗದ ಮಳೆಗೆ ಫೈಲು ಗೀಲು ಗೊತ್ತಿಲ್ಲ. ಬಂತು, ಸುರಿಯಿತು. ಪಡಸಾಲೆ ಕೆರೆಯಾಯಿತು. ಟ್ರಂಕು, ಹಾಸಿಗೆ, ಜೋಳದ ಚೀಲ ಎಲ್ಲವನ್ನೂ ಅಡುಗೆಮನೆಗೆ ಹೊತ್ತೆವು. ಹಣಮಂತ ಇನ್ನೂ ಮುಟ್ಟದೆ ಇದ್ದದ್ದು ಅದರ ಮೇಲಿನ ಮಣ್ಣೊಂದೇ, ಹಾಗಾಗಿ ಒಣಗಿದ್ದದ್ದೂ ಅದೊಂದೇ ಕೋಣೆ. ಶರಣಮ್ಮ ಚೀಲಗಳ ನಡುವೆ ರೊಟ್ಟಿ ಬಡಿಯುತ್ತ, “ಬಂಗಾರ ಅವ್ರ ಒಯ್ಯಲಿ. ಈ ಅಡಗಿಮನಿ ಒಂದ ಉಳದ್ರ ಸಾಕ, ಹೆಂಗರ ಮಾಡಿ ಮಳಿಗಾಲ ದಾಟಸ್ತೀನಿ” ಅಂದಳು. ನಾನು ಮೋಡಕ್ಕೆ, ಕಚೇರಿಗೆ, ಊರಿಗೆ, ಬಸಣ್ಣನಿಗೆ ಸರದಿಯಂತೆ ಬೈಯುತ್ತ ಗೋಡೆಗೆ ಒರಗಿದೆ. ಮೊಳಕೈ ತಗುಲಿ ಹಿಂದೆ ಸಪ್ಪಳವಾಯಿತು. ಪೊಳ್ಳು ಸಪ್ಪಳ.

ಭಾನುವಾರ ಅವಳು ಕಾಯಿಪಲ್ಲೆ ತರಲು ಹೋದಳು. ನಾನು ಹಾರೆ ತೆಗೆದುಕೊಂಡೆ. ಬಂಗಾರಕ್ಕಾಗಿ ಅಲ್ಲ, ನಂಬಿ. ಬಸಣ್ಣ ಹೇಳಿದ್ದು ಸುಳ್ಳು ಎಂದು ಖಾತ್ರಿಯಾದರೆ ನೆಮ್ಮದಿಯಿಂದ ಸಿಟ್ಟು ಮಾಡಬಹುದಲ್ಲ, ಅದಕ್ಕೆ. ನಾಲ್ಕು ಏಟಿಗೆ ಗೋಡೆ ಬಾಯಿ ಬಿಟ್ಟಿತು. ಒಳಗೆ ಹಿಂದೆ ಯಾರೋ ಮುಚ್ಚಿಸಿದ್ದ ದೀಪದ ಗೂಡು. ಗೂಡಿನಲ್ಲಿ ಒಡಕು ಹಣತೆ, ಇಲಿಗಳು ಸೇರಿಸಿಟ್ಟ ಶೇಂಗಾ ಸಿಪ್ಪೆ. ಅದನ್ನು ನೋಡುತ್ತಿದ್ದಂತೆಯೇ ಹೊರಗಿನಿಂದ ನೆನೆದಿದ್ದ ಗೋಡೆ ಕುಸಿಯಿತು, ಅದರ ಮೇಲೆ ಕೂತಿದ್ದ ಜಂತಿ ಜಾರಿತು, ಜಂತಿಯ ಹಿಂದೆ ಮಾಳಿಗೆಯ ಮಣ್ಣೂ ಇಳಿದು ಬಂತು. ಜಿಟಿಜಿಟಿ ಮಳೆ ನೆಟ್ಟಗೆ ಒಲೆಯ ಮೇಲೆ ಬೀಳತೊಡಗಿತು.

ಶರಣಮ್ಮ ಕೈಚೀಲ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಗೋಡೆ ನೋಡಿದಳು, ನೆನೆಯುತ್ತಿದ್ದ ಜೋಳದ ಚೀಲ ನೋಡಿದಳು, ನನ್ನ ಕೈಯ ಹಾರೆ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ಇಷ್ಟ ದಿನ ಮಂದಿ ಮ್ಯಾಲ ಸಿಟ್ಟ ಮಾಡಿದ್ರಿ,” ಅಂದಳು. “ಒಂದೀಟ ಉಳದಿದ್ರ ಇತ್ತಾಗ ಕೊಡ್ರಿ. ಈಗ ನನಗ ಬೇಕಾಗ್ಯಾದ.”

ಎಷ್ಟು ಹುಡುಕಿದರೂ ನನ್ನ ಹತ್ತಿರ ಸಿಟ್ಟಿನ ಒಂದು ಚೂರೂ ಇರಲಿಲ್ಲ.