ಬದನೆಕಾಯಿ ವೇಷದ ಫೋಟೋ

ಪೌಷ್ಟಿಕ ಆಹಾರದ ಮೆರವಣಿಗೆಯಲ್ಲಿ ಬದನೆಕಾಯಿ ವೇಷಕ್ಕೆ ಬಹುಮಾನ ಗೆದ್ದ ಜೆಸ್ಸಿಲ್‌ಳ ಫೋಟೋವನ್ನು ಶಾಲೆಯ ಫೇಸ್‌ಬುಕ್ ಪುಟಕ್ಕೆ ಹಾಕಿ, ತಿಯೋಫಿಲೊ ಮೇಷ್ಟ್ರು ಖುಷಿಯಿಂದ ಪಾಂದೆಸಾಲ್ ಬನ್ನು ಕಚ್ಚುತ್ತ ಕೂತಿದ್ದರು. ಹುಡುಗಿಯ ಬೆನ್ನಹಿಂದೆ ಶಾಲೆಯ ಹೆಸರು ಬಾಗಿಲಗಲ ಕಾಣುತ್ತಿತ್ತು.

ಅಷ್ಟರಲ್ಲಿ ಜೆಸ್ಸಿಲ್‌ಳ ತಾಯಿ ಎರ್ಲಿಂಡಾ ಏದುಸಿರು ಬಿಡುತ್ತ ಬಂದಳು.

"ಸರ್, ಮೊದ್ಲು ಅದನ್ನ ತೆಗೀರಿ! ಇವಳಪ್ಪ ಎರಡು ವರ್ಷದಿಂದ ನಮ್ಮನ್ನ ಹುಡುಕ್ತಿದಾನೆ. ಹಿಂದಿನ ಸಲ ಸಿಕ್ಕಾಗ ಮಾಡಿದ್ದು ಇದು." ತೋಳಿನ ಸುಟ್ಟ ಕಲೆ ತೋರಿಸಿದಳು.

ಮೇಷ್ಟ್ರು ಬನ್ನು ಬದಿಗಿಟ್ಟು ಪುಟ ತೆರೆದರು. ಫೋಟೋ ಹಾಕಲು ಅವರಿಗೆ ಅನುಮತಿಯಿತ್ತು. ಅಳಿಸುವ ಅಧಿಕಾರ ಮುಖ್ಯೋಪಾಧ್ಯಾಯಿನಿ ಪ್ಲಾಸಿಡಾ ಮೇಡಂಗೆ ಮಾತ್ರ. ಅಂದು ಅವರು ರೇವು ಪಟ್ಟಣದ ಸಭೆಗೆ ಹೋಗಿದ್ದರು. ಅವರ ಫೋನು ಆಫ್ ಆಗಿತ್ತು.

"ಹೆದರ್ಬೇಡಿ ತಿಯೋ ಸರ್, ನಾನಿದೀನಿ," ಎಂದಳು ಪಕ್ಕದ ತರಗತಿಯ ನೆನಿತಾ ಟೀಚರ್. ಫೋಟೋದ ಕೆಳಗೆ ಬರೆದಳು: 'ಅಪಾಯ! ಯಾರೂ ಈ ಫೋಟೋ ನೋಡಬೇಡಿ!'

ಸಕ್ಕರೆ ಚೆಲ್ಲಿದ ಕಡೆ ಇರುವೆ ಬಂದ ಹಾಗೆ ಊರೆಲ್ಲ ನೋಡಲು ಬಂತು. 'ಯಾಕೆ ನೋಡಬಾರದು?' ಎಂದು ನಲವತ್ತು ಜನ ಕೇಳಿದರು. ವ್ಯಾಯಾಮದ ಮೇಷ್ಟ್ರು, ಎಲ್ಲರೂ ಎಚ್ಚರವಾಗಿರಲಿ ಎಂದು, ಫೋಟೋವನ್ನು ಮನಿಲಾದ ನೆಂಟರಿಗೂ ಕಳಿಸಿದರು.

ತಿಯೋಫಿಲೊ ಬಾಡಿಗೆಯ ಟ್ರೈಸಿಕಲ್ ಆಟೋ ಹತ್ತಿ ಮೇಡಂ ಇದ್ದ ಸಭೆಗೆ ಹೊರಟರು. ದಾರಿಯಲ್ಲಿ ಚಕ್ರ ತೂತಾಯಿತು. ಉಳಿದ ದೂರವನ್ನು ಬಿಸಿಲಲ್ಲಿ ನಡೆದರು. ಸಭಾಂಗಣದ ಬಾಗಿಲಲ್ಲಿ ಹಲಗೆ ತೂಗುತ್ತಿತ್ತು: 'ಶಾಲೆಗಳಲ್ಲಿ ಸಾಮಾಜಿಕ ಜಾಲತಾಣಗಳ ಸುರಕ್ಷಿತ ಬಳಕೆ.' ವೇದಿಕೆಯ ಮೇಲೆ ಪ್ಲಾಸಿಡಾ ಮೇಡಂ ಅದನ್ನೇ ವಿವರಿಸುತ್ತಿದ್ದರು.

ವಿಷಯ ಕೇಳಿದ್ದೇ ಮೇಡಂ ಮೈಕು ಕೆಳಗಿಟ್ಟರು. ಅಲ್ಲೇ ಫೋನು ಆನ್ ಮಾಡಿ ಫೋಟೋ ಅಳಿಸಿದರು.

"ತೆಗ್ದಾಯ್ತು. ಮಿಕ್ಕಿದ್ದನ್ನ ನಾನು ನಿಯಮದ ಪ್ರಕಾರ ಮಾಡ್ತೀನಿ. ನೀವು ನೀರು ಕುಡೀರಿ."

ಮೇಷ್ಟ್ರು ಎರಡು ಲೋಟ ನೀರು ಕುಡಿದರು. ಎರ್ಲಿಂಡಾ ಬಂದಾಗಿನಿಂದ ಮೊದಲ ಸಲ ಉಸಿರು ನೆಟ್ಟಗಾಯಿತು. ಆಗ ಜೇಬಲ್ಲಿ ಫೋನು ಗುಂಯ್‌ಗುಟ್ಟಿತು. ಶಾಲೆಯ ಪುಟದಲ್ಲಿ ಮೇಡಂ ಬರೆದಿದ್ದರು: 'ಐದನೇ ತರಗತಿಯ ಜೆಸ್ಸಿಲ್, ಎರ್ಲಿಂಡಾ ಅವರ ಮಗಳು, ಇವಳ ಫೋಟೋವನ್ನು ಸುರಕ್ಷತೆಯ ದೃಷ್ಟಿಯಿಂದ ತೆಗೆಯಲಾಗಿದೆ. ಕ್ಷಮಿಸಿ.'

ಕೆಳಗೆ ಹೆಸರು ಕೇಳಿರದ ಒಬ್ಬ ಗಂಡಸಿನ ಪ್ರಶ್ನೆ: 'ಶಾಲೆ ಎಷ್ಟು ಹೊತ್ತಿಗೆ ಬಿಡುತ್ತೆ?'

ಅದರ ಕೆಳಗೆ ನೆನಿತಾ ಟೀಚರ್: 'ನಾಲ್ಕೂವರೆಗೆ ಸರ್!'

ಮೇಷ್ಟ್ರು ಎರ್ಲಿಂಡಾಗೆ ಫೋನು ಮಾಡಿದರು. ಆ ಕಡೆ ಹಡಗಿನ ಸೀಟಿ, ಜೆಸ್ಸಿಲ್ ಬಿಕ್ಕುವ ಸದ್ದು.

"ಮಧ್ಯಾಹ್ನಾನೇ ಹೊರಟ್ವಿ ಸರ್."

"ಪುಣ್ಯ! ಯಾವ ಊರಿಗಮ್ಮ?"



"ಯಾರಿಗೆ ಹೇಳಿದ್ರೂ ನಿಮಗೆ ಮಾತ್ರ ಹೇಳಲ್ಲ, ಸರ್."