ಛತ್ರಿ ಮರೆತ ಆಷಾಢ

ಗಿಣಿ ಅಂದೂ ಮಾತಾಡಲಿಲ್ಲ. ಖಾನಾಪುರದ ಮಾಮಲೇದಾರ ಕಚೇರಿಯ ಕಾರಕೂನ ಗುರುಪಾದಪ್ಪ ಛತ್ರಿಯನ್ನು ಬೇಕೆಂದೇ ಗೂಟದಲ್ಲೇ ಬಿಟ್ಟು ಹೊಸ್ತಿಲು ದಾಟಿದ. ತಿರುಗಿ ಒಳಗೆ ಬಂದು ಮತ್ತೊಮ್ಮೆ ದಾಟಿದ. ಮೂರನೆಯ ಸಲ ಬಾಗಿಲಲ್ಲಿ ಕಿವಿಗೊಟ್ಟು ನಿಂತ. ಪಂಜರದೊಳಗಿನ ಹಕ್ಕಿ, ಸಹಿ ಮಾಡಲು ಒಲ್ಲದ ಸಾಹೇಬನಂತೆ ಮುಖ ತಿರುಗಿಸಿ ಕೂತಿತ್ತು.

ಮದುವೆಯಾಗಿ ಎರಡೇ ತಿಂಗಳಾಗಿತ್ತು. ಆಷಾಢ ಬಂತೆಂದು ಹೆಂಡತಿ ಚಂದ್ರವ್ವನನ್ನು ತವರಿನವರು ಬೆಳಗಾವಿಗೆ ಕರೆದೊಯ್ದಿದ್ದರು. ಆಷಾಢದಲ್ಲಿ ಹೊಸ ಸೊಸೆ ಗಂಡನ ಮನೆಯಲ್ಲಿ ಇರಬಾರದು. ಅಳಿಯ ಅತ್ತೆಯ ಹೊಸ್ತಿಲು ತುಳಿಯಬಾರದು. ಯಾಕೆ ಎಂದು ಕೇಳಿದರೆ ಹಿರಿಯರು ‘ಹಂಗ ಐತಿ’ ಎನ್ನುತ್ತಾರೆ. ಈ ‘ಹಂಗ’ ಎಂಬುದನ್ನು ಮಾಡಿಟ್ಟ ಪುಣ್ಯಾತ್ಮನಿಗೆ ಹೆಂಡತಿಯೇ ಇರಲಿಲ್ಲವೋ, ಇದ್ದವಳು ಒಂದು ತಿಂಗಳು ತೊಲಗಿದರೆ ಸಾಕು ಎನಿಸಿತ್ತೋ, ಕೇಳುವ ಗಂಡಸು ಮಾತ್ರ ಇಂದಿನವರೆಗೆ ಹುಟ್ಟಿಲ್ಲ.

ಹೋಗುವಾಗ ಚಂದ್ರವ್ವ ತನ್ನ ಗಿಣಿಯನ್ನು ಬಿಟ್ಟು ಹೋಗಿದ್ದಳು. ಕಚೇರಿಗೆ ಹೊರಟ ಗಂಡನ ಹಿಂದೆ ಓಡಿಬಂದು ಅವಳು ದಿನಾ ಹೇಳುತ್ತಿದ್ದ ಒಂದು ಮಾತನ್ನು ಅದು ಅವಳದೇ ಧ್ವನಿಯಲ್ಲಿ ಕಲಿತಿತ್ತು: “ರೀ, ಛತ್ರಿ ಮರತ್ರಿ.” ಕೊನೆಯಲ್ಲಿ ಬೆರೆಯುತ್ತಿದ್ದ ಆ ತುಸು ನಗುವನ್ನೂ ಬಿಟ್ಟಿರಲಿಲ್ಲ. ಗುರುಪಾದಪ್ಪ ಪಂಜರದ ಮುಂದೆ ಕೂತು, “ಮರತಿಲ್ಲ ಚಂದ್ರಾ, ಮರತಿಲ್ಲ” ಎಂದು ಉತ್ತರ ಕೊಡುತ್ತಿದ್ದ. ಒಮ್ಮೆಯಲ್ಲ. ರೊಟ್ಟಿ ಬಡಿಯುವಾಗ, ರೊಟ್ಟಿ ಕರಕಾದಾಗ, ಆ ಕರಕನ್ನೇ ಅಗಿಯುವಾಗ. ಮೂರು ದಿನಗಳ ಹಿಂದೆ ಹಕ್ಕಿ ಒಮ್ಮೆಲೇ ಬಾಯಿ ಮುಚ್ಚಿತು. ಅಂದಿನಿಂದ ಮನೆಯಲ್ಲಿ ಅವನೊಬ್ಬನದೇ ಮಾತು.

ಬಾಜೂ ಮನೆಯ ಸಂಗವ್ವ ಪಂಜರಕ್ಕೆ ಮೂಗು ತಾಗಿಸಿ ನೋಡಿದಳು. “ಕೊಳ್ಳಾಗ ಗಾಳಿ ಸೇರೇತಿ. ನಮ್ಮ ಎತ್ತಿಗೆ ಹಿಂಗ ಆದಾಗ ಕುತಗಿಗೆ ಕಬ್ಬಣಾ ಕಾಸಿ ಬರಿ ಹಾಕಿದ್ವಿ. ಇದಕ್ಕ ಒಂದ ಸೂಜಿ ಕಾಸಿದ್ರ ಸಾಕು.”

“ಆಮ್ಯಾಲ ಎತ್ತು ಮಾತಾಡ್ತೇನ ಅತ್ತೀ?”

“ಸಾಯಲಿಲ್ಲಲ್ಲೋ, ಅದು ಸಣ್ಣದೇನ?”

ಎದುರಿನ ಕಾಳಿನ ವ್ಯಾಪಾರಿ ನೇಮಣ್ಣ ತಲೆ ಅಲ್ಲಾಡಿಸಿದ. “ಪಂಜರದಾಗ ಹಾಕಿದ ಜೀವ ಏನ ಮಾತಾಡೀತೋ ತಮ್ಮಾ? ಬಾಗಲಾ ತಗಿ. ಪುಣ್ಯ ಬರತೈತಿ.”

“ಪುಣ್ಯ ಬರತೈತಿ ಕಾಕಾ, ಗಿಣಿ ಬರೂದಿಲ್ಲ.”

ಖಾನಾಪುರದಲ್ಲಿ ಮನುಷ್ಯರಿಗೊಂದು ದವಾಖಾನೆ ಇತ್ತು, ದನಗಳಿಗೆ ಬರೆ ಇತ್ತು. ಹಕ್ಕಿಗೆ ಏನೂ ಇರಲಿಲ್ಲ. ಹದಿನಾರು ಮೈಲು ಆಚೆ, ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಪಲ್ಟಣಿನ ಕುದುರೆಗಳನ್ನು ನೋಡುವ ಡಾಕ್ಟರನಿದ್ದ. ಬೆಳಗಾವಿ ಎಂದೊಡನೆ ಗುರುಪಾದಪ್ಪನ ಎದೆ ಟಾಂಗಾದ ಕುದುರೆಯಂತೆ ಓಡತೊಡಗಿತು. ಗಿಣಿಗಾಗಿಯೇ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ನಂಬಿಕೆ ಬರಲಿಲ್ಲ, ಆದರೂ ಹೊಸ ಅಂಗಿ ತೊಟ್ಟ.

ಮೊನ್ನೆ ಬದಲಿಯಾಗಿ ಬಂದಿದ್ದ ಹೆಡ್ ಕಾರಕೂನ ಬಾಳಾಸಾಹೇಬರ ಮುಂದೆ ಗಿಣಿಗಾಗಿ ರಜೆ ಕೇಳುವುದು ಹೇಗೆ? “ಮನ್ಯಾಗ ಧ್ವನಿ ಬಂದ್ ಆಗೇತ್ರಿ, ಬೆಳಗಾವಿ ಡಾಕ್ಟರಗ ತೋರಸಬೇಕ್ರಿ” ಎಂದ.

ಬಾಳಾಸಾಹೇಬರು ಚಷ್ಮಾ ತೆಗೆದರು. “ಮನ್ಯಾಗಿನವರ ಧ್ವನಿ ಬಂದ್ ಆಗೇತಿ?”

“ಹೌದ್ರಿ. ಮೂರ ದಿನಾ ಆತು.”

“ಖರೇ ಹುಚ್ಚ ಇದ್ದೀ. ಡಾಕ್ಟರ ಯಾಕ? ದೇವರಿಗೆ ಒಂದ ಕಾಯಿ ಒಡಸು.” ಆದರೂ ರಜೆ ಕೊಟ್ಟರು.

ಚಂದ್ರವ್ವನ ಹಳೆಯ ಸೀರೆಯ ತುಂಡನ್ನು ಪಂಜರಕ್ಕೆ ಹೊದಿಸಿ, ಛತ್ರಿಯನ್ನು ಕಂಕುಳಲ್ಲಿ ಅವುಚಿ ರೇಲು ಹತ್ತಿದ. ಕ್ಯಾಂಪಿನ ಕುದುರೆ ದವಾಖಾನೆಯಲ್ಲಿ ಸಿಪಾಯಿ ಅವನನ್ನು ಎರಡು ಕುದುರೆಗಳ ನಡುವೆ ಪಾಳಿಗೆ ನಿಲ್ಲಿಸಿದ. ಮುಂದಿನದು ಬಾಲದಿಂದ ಅವನ ಟೊಪ್ಪಿಗೆ ಬೀಳಿಸಿತು. ಹಿಂದಿನದು ಅದನ್ನು ತಿನ್ನಲು ನೋಡಿತು. ಮೇಜಿನ ಮೇಲಿದ್ದ ಔಷಧದ ಪಿಚಕಾರಿ ಗಿಣಿಗಿಂತ ಉದ್ದವಾಗಿತ್ತು. ಡಾಕ್ಟರ ಕೊಕ್ಕು ಬಿಡಿಸಲು ಹೋಗಿ ಬೆರಳು ಕಚ್ಚಿಸಿಕೊಂಡು, ಬೆರಳನ್ನು ಬಾಯಲ್ಲಿಟ್ಟುಕೊಂಡೇ ತೀರ್ಪು ಕೊಟ್ಟ.

“ರೋಗ ಏನೂ ಇಲ್ಲ. ಮಾತು ಕಲಿಸಿದವರ್ಯಾರು?”

“ನಮ್ಮ ಮನಿಯವರ್ರಿ. ಇಲ್ಲೇ ತವರಮನ್ಯಾಗ ಅದಾರ.”

“ಮತ್ತ ಇಲ್ಯಾಕ ತಂದಿ? ಅವರ ಮುಂದ ಒಯ್ದ ಇಡು. ಇದು ಬ್ಯಾಸರಾಗಿ ಕುಂತೈತಿ.”

ಗುರುಪಾದಪ್ಪ ಡಾಕ್ಟರನ ಕಾಲು ಮುಟ್ಟುವುದೊಂದು ಬಾಕಿ. ಹೊಸ್ತಿಲು ತುಳಿಯಬಾರದು ಎಂದು ಶಾಸ್ತ್ರ ಹೇಳಿದರೆ, ಒಯ್ದು ಇಡು ಎಂದು ಸರಕಾರಿ ಡಾಕ್ಟರನೇ ಹೇಳಿದ್ದಾನೆ. ಅವಳ ಮುಖ ಕಾಣದಿದ್ದರೂ ಚಿಂತೆಯಿಲ್ಲ, ಅವಳ ಧ್ವನಿಯಲ್ಲಿ ಒಂದೇ ಒಂದು ಮಾತು ಕಿವಿಗೆ ಬಿದ್ದರೆ ಉಳಿದ ಹದಿನೈದು ದಿನಗಳನ್ನು ಹೇಗೋ ನುಂಗಿಬಿಡಬಹುದು.

ಬೆಳಗಾವಿಗೆ ಅಂಟಿಕೊಂಡ ಶಹಾಪುರದ ಮನೆಯ ಬಾಗಿಲಲ್ಲಿ ಅತ್ತೆ ಬಾಳವ್ವ ಅವನನ್ನು ಕಂಡದ್ದೇ ಸೆರಗು ಎಳೆದುಕೊಂಡು ಕದದ ಮರೆಗೆ ಸರಿದಳು. “ಅಳಿಯಾ, ಬರ್ರಿ ಅನ್ನಾಕ ಬರೂದಿಲ್ಲ, ಹೋಗ್ರಿ ಅನ್ನಾಕ ಮನಸಿಲ್ಲ. ಕಟ್ಟಿ ಮ್ಯಾಲ ಕುಂದರ್ರಿ.”

“ಡಾಕ್ಟರ ಹೇಳ್ಯಾರ್ರಿ ಅತ್ತೀ. ಗಿಣಿ ಮಾತ ಬಿಟ್ಟೈತಿ. ಚಂದ್ರವ್ವನ ಮುಂದ ಇಡಬೇಕಂತ.”

“ಗಿಣಿಗೆ ಆಷಾಢ ಇಲ್ಲ,” ಎಂದು ಬಾಳವ್ವ ಕೈ ಚಾಚಿ ಪಂಜರ ಒಯ್ದಳು. ಹೊದಿಸಿದ್ದ ಬಟ್ಟೆ ಅವನ ಕೈಯಲ್ಲಿ ಉಳಿಯಿತು. ಒಳಗೆ ಬಳೆಗಳು ಗಲಗಲ ಎಂದವು. ಆ ಸದ್ದು ಅವನಿಗೆ ಗೊತ್ತು. ಛತ್ರಿಯನ್ನು ಗೋಡೆಗೆ ಆನಿಸಿ, ಅವನು ಮೈಯೆಲ್ಲ ಕಿವಿಯಾಗಿ ಕೂತ.

“ನೀ ಮಾತ್ರ ಬಾಯಿ ತಗೀಬ್ಯಾಡ, ಹೊರಗ ಕೇಳಸ್ತೈತಿ,” ಎಂದು ಬಾಳವ್ವ ಮಗಳಿಗೆ ಹೇಳಿದ್ದು ಹೊರಗೆ ಚೆನ್ನಾಗಿ ಕೇಳಿಸಿತು.

ಆಮೇಲೆ ಗಂಡಸಿನ ಧ್ವನಿಯೊಂದು, ಕರಕು ರೊಟ್ಟಿ ತಿಂದು ಕಟ್ಟಿದ ಗಂಟಲಿನದು, ಒಳಮನೆಯಿಂದ ಹೇಳಿತು: “ಮರತಿಲ್ಲ ಚಂದ್ರಾ, ಮರತಿಲ್ಲ.”

ಕೂತಲ್ಲೇ ಗುರುಪಾದಪ್ಪನ ಕಿವಿಗಳು ಕೆಂಪಾದವು. ಮೂರು ದಿನ ಬಾಯಿ ಮುಚ್ಚಿಕೊಂಡು ಆ ಹಕ್ಕಿ ಹೊಸ ಪಾಠ ಒಪ್ಪಿಸಲು ತಯಾರಿ ನಡೆಸಿತ್ತು. ಒಳಗೆ ಯಾರೋ ಬಿಕ್ಕಿದರು, ಬಿಕ್ಕುತ್ತಲೇ ನಕ್ಕರು. ಮಾತು ಮಾತ್ರ ಒಂದೂ ಹೊರಬರಲಿಲ್ಲ.

ಬಹಳ ಹೊತ್ತಿನ ಮೇಲೆ ಬಾಳವ್ವ ಚಹಾದ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು. ಧ್ವನಿ ಬೆಲ್ಲದಂತೆ ಇಳಿದಿತ್ತು. “ಛಲೋ ಆತಪಾ ನೀವು ಬಂದದ್ದು. ನಾಕ ದಿನದಿಂದ ಅನ್ನ ಮುಟ್ಟಿದ್ದಿಲ್ಲ ಹುಡುಗಿ. ಮಠದ ಅಯ್ಯನವರೂ ಅಂದ್ರು, ‘ಆಷಾಢ ಹಾಳಾಗ್ಲಿ, ಹುಡುಗಿ ಜೀವ ದೊಡ್ಡದು, ಕಳಸಿಬಿಡ್ರಿ’ ಅಂತ. ನಾಳೆ ಮುಂಜಾನಿ ಗಾಡಿಗೆ ಖಾನಾಪುರಕ್ಕ ಕಳಸಾವರಿದ್ವಿ.”

ಬಟ್ಟಲು ಗುರುಪಾದಪ್ಪನ ತುಟಿಯ ಹತ್ತಿರ ನಿಂತಿತು. “ಇದ್ವಿ?”

“ಇನ್ನ ಯಾಕ? ನಿಮ್ಮ ದನಿ ಮುಂದ ಇಟಗೊಂಡು ಎರಡ ರೊಟ್ಟಿ ತಿಂದ್ಲು ನೋಡ್ರಿ. ಗಿಣಿ ಇಲ್ಲೇ ಇರಲಿ. ಅಕಿನೂ ಆರಾಮ ಶ್ರಾವಣಾ, ಪಂಚಮಿ ಎಲ್ಲಾ ಮುಗಿಸಿಕೊಂಡ ಬರತಾಳ.”

“ಅತ್ತೀ, ಅದು ಹಂಗಲ್ಲ…”

“ಮರತಿಲ್ಲ ಚಂದ್ರಾ,” ಎಂದಿತು ಒಳಗಿನವನ ಧ್ವನಿ. ಅದಕ್ಕೆ ಆಗಲೇ ಮನೆ ಅಳಿಯನ ಠೀವಿ ಬಂದಿತ್ತು.

ಸ್ಟೇಷನ್ನಿನ ದಾರಿಯಲ್ಲಿ ಮಳೆ ಹಿಡಿಯಿತು. ಗುರುಪಾದಪ್ಪ ಕಂಕುಳು ತಡವಿಕೊಂಡ. ಛತ್ರಿ ಅತ್ತೆಯ ಮನೆಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಅವನು ನಡುರಸ್ತೆಯಲ್ಲಿ ತಿರುಗಿ, ಯಾರಾದರೂ ಕೂಗಿಯಾರೆಂದು ಸ್ವಲ್ಪ ಹೊತ್ತು ಕಾದ. ಕೂಗಬೇಕಾದವಳ ಬಾಯಿಗೆ ಅವರವ್ವ ಬೀಗ ಹಾಕಿದ್ದಳು. ಕೂಗಲು ಕಲಿತಿದ್ದ ಹಕ್ಕಿ ಪಾಠ ಬದಲಿಸಿತ್ತು. ಸೀರೆಯ ತುಂಡನ್ನು ತಲೆಗೆ ಹೊದ್ದು ನಡೆದ. ಅದರಲ್ಲಿ ಅವಳ ಸೀಗೆಕಾಯಿಯ ವಾಸನೆ ಇನ್ನೂ ಒಂದಿಷ್ಟಿತ್ತು. ಸ್ಟೇಷನ್ ಮುಟ್ಟುವುದರೊಳಗೆ ಮಳೆ ಅದನ್ನೂ ತೊಳೆಯಿತು.

ಖಾನಾಪುರದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಸಂಗವ್ವ ಕಟ್ಟೆಯ ಮೇಲೆಯೇ ಕಾದಿದ್ದಳು. “ಏನಾತೋ? ಧ್ವನಿ ಬಂತಾ?”

ಗುರುಪಾದಪ್ಪ ಬಾಯಿ ತೆರೆದ. ಮಳೆಯಲ್ಲಿ ನೆಂದ ಗಂಟಲಿನಿಂದ ಗಾಳಿ ಬಂತೇ ಹೊರತು ಅಕ್ಷರ ಬರಲಿಲ್ಲ. ಇನ್ನೊಮ್ಮೆ ತೆರೆದ. ಏನಿಲ್ಲ. ಅವನ ಧ್ವನಿ ಬೆಳಗಾವಿಯಲ್ಲಿತ್ತು, ಅವಳ ಮುಂದೆ, ಬೆಚ್ಚಗೆ.

“ತಡಿ, ನಾ ಮುಂಜಾನೇನ ಹೇಳಿದ್ದೆ,” ಎಂದು ಸಂಗವ್ವ ಸಂತೋಷದಿಂದ ಎದ್ದು, ಸೂಜಿ ಕಾಯಿಸಲು ಒಳಗೆ ಹೋದಳು.