ನಾನೇ ನಾನೆಂದು ಗೌರಕ್ಕನಿಗೆ ಒಪ್ಪಿಸಲು ಹೋದದ್ದು

ಗಾಬರಿಪಡುವವರಲ್ಲಿ ಎರಡು ಬಗೆ. ಕೆಲವರು ಏನಾದರೂ ಆದಮೇಲೆ ಗಾಬರಿಪಡುತ್ತಾರೆ. ಇನ್ನು ಕೆಲವರು ಅದನ್ನು ಮುಂಗಡವಾಗಿಯೇ ಮುಗಿಸಿಕೊಂಡಿರುತ್ತಾರೆ. ನಾನು ಎರಡನೆಯ ಬಗೆಯವನು. ಹುಟ್ಟಿದ್ದು, ಬೆಳೆದದ್ದು, ಈಗ ಇರುವುದು ಎಲ್ಲ ತಮಿಳುನಾಡಿಗೆ ಸೇರಿದ ಉದ್ದನಪಲ್ಲಿಯಲ್ಲೇ. ಇಪ್ಪತ್ತೊಂದು ವರ್ಷದಿಂದ ಅದೇ ಬಸ್ಸಿನಲ್ಲಿ ಹೊಸೂರಿಗೆ ಹೋಗಿ ಬರುತ್ತಿದ್ದೇನೆ. ಆದರೂ ಬಸ್ಸು ಹತ್ತಿದ ಕೂಡಲೇ, ಇಳಿಯುವ ಸ್ಟಾಪು ತಪ್ಪಿಹೋದರೆ ಏನು ಮಾಡುವುದು ಎಂಬ ಯೋಚನೆ ಶುರುವಾಗುತ್ತದೆ. ಸ್ಟಾಪನ್ನು ಬೇರೆ ಕಡೆಗೆ ಎತ್ತಿ ಇಟ್ಟಿದ್ದರೆ ಎಂದು ಒಮ್ಮೆ ಹೆಂಡತಿ ಸರೋಜಳನ್ನು ಕೇಳಿದ್ದೆ. ಹಾಗೆ ಎತ್ತಿ ಇಡುವುದಿದ್ದರೆ ಡ್ರೈವರಿಗೂ ಒಂದು ಮಾತು ಹೇಳಿಯೇ ಇಡುತ್ತಾರೆ ಎಂದು ಅವಳು ತಲೆ ಎತ್ತದೆ ಉತ್ತರ ಕೊಟ್ಟಳು. ಇಂಥ ಮನುಷ್ಯನನ್ನು ಮೂರು ಜನರಿಗೆ ಪಾಠ ಹೇಳಲು ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದನ್ನೇ ಈಗ ಹೇಳಹೊರಟಿರುವುದು.

ಮೊದಲು ನನ್ನ ಕೆಲಸದ ವಿಷಯ. ಗಾಡಿಗಳ ಬಿಡಿಭಾಗ ಮಾಡುವ ಒಂದು ಕಂಪನಿ ನಮ್ಮದು. ಹೊಸೂರಿನಲ್ಲಿ ದೊಡ್ಡ ಘಟಕ, ಬೇರಿಕೆ ಕಡೆಗೊಂದು, ಕೃಷ್ಣಗಿರಿ ಕಡೆಗೊಂದು. ಯಾರು ಯಾರೆಂದು ಕಂಪ್ಯೂಟರಿಗೆ ಹೇಳುವುದು ನನ್ನ ಕೆಲಸ. ಗೇಟಿನಲ್ಲಿ ಕಾರ್ಡು ತೋರಿಸಿದರೆ ಬಾಗಿಲು ತೆರೆಯುವುದು, ಸ್ಟೋರಿನವರಿಗೆ ಸ್ಟೋರಿನ ಪರದೆ ಮಾತ್ರ ಕಾಣುವುದು, ಎಲ್ಲಕ್ಕೂ ಹಿಂದೆ ಒಂದೇ ವ್ಯವಸ್ಥೆ. ಹೊಸಬರು ಸೇರಿದರೆ ಅವರನ್ನು ನಾನು ಅದರೊಳಗೆ ಹುಟ್ಟಿಸಬೇಕು, ಬಿಟ್ಟುಹೋದರೆ ಅಳಿಸಬೇಕು. ಇದನ್ನು ನಮ್ಮ ಅತ್ತೆಗೆ ವಿವರಿಸಲು ಹೋಗಿ ಸೋತ ಸರೋಜ, ಕಂಪನಿಯ ಬೀಗದ ಕೈಯೆಲ್ಲ ಇವರ ಹತ್ತಿರವೇ ಇರುತ್ತದೆ ಎಂದುಬಿಟ್ಟಳು. ಅತ್ತೆ ಬಹಳ ವರ್ಷ ನನ್ನನ್ನು ವಾಚ್‌ಮನ್ ಎಂದೇ ತಿಳಿದು, ಮಳೆಗಾಲದಲ್ಲಿ ನನಗೆಂದು ಒಂದು ಒಳ್ಳೆಯ ಟಾರ್ಚು ಕೊಟ್ಟು ಕಳಿಸಿದ್ದರು. ನಮ್ಮ ಕಡೆ ಈ ಕೆಲಸ ಸುಲಭದ್ದಲ್ಲ. ಮುನಿರಾಜು ಎಂಬ ಹೆಸರಿನವರೇ ಹದಿನಾಲ್ಕು ಜನ. ಒಬ್ಬನೇ ಮುನಿರಾಜು ತಮಿಳು ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ತೆರನಾಗಿದ್ದರೆ ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ತೆರನಾಗಿರುತ್ತಾನೆ. ಯಾರಿಗೂ ಮನೆತನದ ಹೆಸರಿಲ್ಲ, ಅಪ್ಪನ ಹೆಸರಿನ ಮೊದಲ ಅಕ್ಷರವಷ್ಟೇ ಉಂಟು. ಅಪ್ಪಂದಿರಲ್ಲೂ ಬಹುಪಾಲು ಮುನಿಯಪ್ಪಂದಿರೇ.

ಆ ವ್ಯವಸ್ಥೆ ಹಳತಾಯಿತು, ಹೊಸ ಆವೃತ್ತಿಗೆ ಬದಲಾಯಿಸಬೇಕು ಎಂದು ಆದೇಶ ಬಂತು. ನಮ್ಮ ಮ್ಯಾನೇಜರು ಸೆಂದಿಲ್ ಸಾರ್ ನನ್ನನ್ನು ಕರೆದು, ಮೂರು ಘಟಕಗಳಿಂದ ಒಬ್ಬೊಬ್ಬರನ್ನು ಆರಿಸಿದ್ದೇನೆ, ಮೂರು ದಿನ ಅವರಿಗೆ ತರಬೇತಿ ಕೊಡಿ, ನಾಲ್ಕನೆಯ ದಿನ ಭಾನುವಾರ, ಕಾರ್ಖಾನೆಗೆ ರಜಾ, ಅವತ್ತೇ ನಾಲ್ವರೂ ಕೂತು ಬದಲಾಯಿಸಿಬಿಡಿ ಎಂದು ತಮಿಳಿನಲ್ಲಿ ಹೇಳಿದರು. ಬಸ್ಸು ಹತ್ತಿ ಎಂದಷ್ಟೇ ಸಲೀಸಾಗಿ ಹೇಳಿದರು. ನಾನು ಬೆಂಗಳೂರಿನಲ್ಲಿ ಐದು ದಿನ ಇದನ್ನೇ ಕಲಿತು ಬಂದವನು ಎನ್ನುವುದು ಅವರ ಧೈರ್ಯ. ಐದನೆಯ ದಿನ ಮಧ್ಯಾಹ್ನ, ಸಂಜೆಯ ಬಸ್ಸು ತಪ್ಪೀತೆಂಬ ಭಯದಲ್ಲಿ ನಾನು ಕೊನೆಯ ಪಾಠ ಬಿಟ್ಟು ಎದ್ದುಬಂದಿದ್ದೆ ಎನ್ನುವುದು ಅವರಿಗೆ ತಿಳಿದಿರಲಿಲ್ಲ. ಕೆಲಸ ಅರ್ಧದಲ್ಲಿ ಕೆಟ್ಟರೆ ಹಳೆಯ ಸ್ಥಿತಿಗೆ ವಾಪಸು ತರುವುದು ಹೇಗೆ ಎನ್ನುವುದೇ ಆ ಪಾಠ.

ಒಂದು ವಾರ ಮನೆಯಲ್ಲಿ ಅಭ್ಯಾಸ ನಡೆಯಿತು. ಸರೋಜ ಅವರೆಕಾಯಿ ಸುಲಿಯುತ್ತಾ ಕೂತರೆ ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಪಾಠ ಶುರು ಮಾಡುತ್ತಿದ್ದೆ. ಯಾವ ಪ್ರಶ್ನೆ ಬರಬಹುದು, ಏನು ಹೇಳಬೇಕು ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮೂರನೆಯ ದಿನ ಅವಳು, ಇರುವುದು ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಬದಲಾಯಿಸುವುದು ಯಾಕೆ ಎಂದು ಕೇಳಿದಳು. ನೋಟ್‌ಬುಕ್ಕನ್ನು ಹಿಂದೆ ಮುಂದೆ ತಿರುವಿ ಹಾಕಿದೆ. ಆ ಪ್ರಶ್ನೆಯೊಂದು ಬಿಟ್ಟು ಮಿಕ್ಕೆಲ್ಲವೂ ಇತ್ತು.

ತರಬೇತಿಗೆ ಬಂದವರು ಮೂವರು. ಕೃಷ್ಣಗಿರಿಯಿಂದ ಮುರುಗೇಶನ್, ತಮಿಳಿನವರು, ಮಾತು ಕಡಿಮೆ. ಹೊಸೂರಿನ ಘಟಕದಿಂದ ವೆಂಕಟೇಶ, ತಳಿ ಎಂಬ ಊರಿನಿಂದ ಓಡಾಡುವವರು, ಮನೆಮಾತು ತೆಲುಗು. ಮೂರನೆಯವರು ಬೇರಿಕೆ ಘಟಕದ ಗೌರಮ್ಮ. ಹಾಜರಿ ಪುಸ್ತಕ ಬರೆಯುವ ಗುಮಾಸ್ತೆಯಾಗಿ ಸೇರಿ, ಪುಸ್ತಕ ಹೋಗಿ ಕಂಪ್ಯೂಟರು ಬಂದಾಗ ಅದನ್ನೂ ಕಲಿತು, ನನಗಿಂತ ನಾಲ್ಕು ವರ್ಷ ಹೆಚ್ಚು ಸರ್ವೀಸಾದವರು. ಎಲ್ಲರೂ ಅವರನ್ನು ಗೌರಕ್ಕ ಎನ್ನುತ್ತಾರೆ. ತರಬೇತಿಯ ಪುಸ್ತಕ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ. ಮುರುಗೇಶನ್‌ಗೆ ಅರ್ಥವಾಗದ್ದನ್ನು ವೆಂಕಟೇಶ ತಮಿಳಿನಲ್ಲಿ ಹೇಳುವರು, ವೆಂಕಟೇಶರಿಗೆ ಅರ್ಥವಾಗದ್ದನ್ನು ಗೌರಕ್ಕ ತೆಲುಗಿನಲ್ಲಿ ಹೇಳುವರು. ನಾನು ಒಂದು ವಾಕ್ಯ ಹೇಳಿದರೆ ಅದು ಕೋಣೆ ಸುತ್ತಿ ನನ್ನ ಬಳಿಗೇ ಬರುವ ಹೊತ್ತಿಗೆ ನಾನು ಹೇಳಿದ್ದಕ್ಕಿಂತ ಸ್ಪಷ್ಟವಾಗಿರುತ್ತಿತ್ತು.

ಮೊದಲ ದಿನವೇ, ಹನ್ನೊಂದು ಗಂಟೆಗೆ, ಗೌರಕ್ಕ ಕೈಯೆತ್ತಿದರು.

“ಅರ್ಧದಾಗೆ ಕೆಟ್ಟೋದ್ರೆ ಮೊದ್ಲಿನಂಗೆ ಮಾಡೋದ್ ಹೆಂಗೆ ಸಾರ್?”

ಅದು ನಾಳೆಯ ಪಾಠ ಎಂದೆ. ಸಂಜೆ ಅವರು ಹೋದಮೇಲೆ ಪುಸ್ತಕದ ಕೊನೆಯ ಅಧ್ಯಾಯ ತೆಗೆದು ಅಭ್ಯಾಸದ ಕಂಪ್ಯೂಟರಿನ ಮುಂದೆ ಕೂತೆ. ಎರಡು ಬಾರಿ ಮಾಡಿದೆ, ಎರಡು ಬಾರಿಯೂ ಕೆಟ್ಟಿತು. ಮೂರನೆಯ ಸಲ ಸರಿಹೋದಾಗ ನನ್ನ ಬಸ್ಸು ಹೋಗಿತ್ತು. ಮಾರನೆಯ ದಿನ ಅದನ್ನೇ, ಚಿಕ್ಕಂದಿನಿಂದ ಬಲ್ಲವನಂತೆ ಹೇಳಿಕೊಟ್ಟೆ. ವಾಪಸು ತರುವುದಕ್ಕೇ ಮೂರು ಗಂಟೆ ಹಿಡಿಯುತ್ತದೆ, ಸಂಜೆಯ ಬಸ್ಸಿಗೆ ಮೊದಲು ಮುಗಿಯಬೇಕೆಂದರೆ ಭಾನುವಾರ ಮಧ್ಯಾಹ್ನ ಮೂರರ ಒಳಗೆ ಮುಂದೋ ಹಿಂದೋ ತೀರ್ಮಾನಿಸಬೇಕು ಎಂದೂ ಸೇರಿಸಿದೆ. ಗೌರಕ್ಕ ಎಲ್ಲವನ್ನೂ ಬರೆದುಕೊಂಡು, ಊಟದ ಹೊತ್ತಿನಲ್ಲಿ ನನ್ನ ಡಬ್ಬಿಗೆ ಉಪ್ಪಿನಕಾಯಿ ಹಾಕುತ್ತಾ, ನಿನ್ನೆ ನಿಮಗೂ ಗೊತ್ತಿರಲಿಲ್ಲ ಅಲ್ಲವಾ ಎಂದು ಮೆಲ್ಲಗೆ ಕೇಳಿದರು. ಉಪ್ಪಿನಕಾಯಿ ಚೆನ್ನಾಗಿದೆ ಎಂದೆ.

ಮೂರನೆಯ ದಿನದ ಪಾಠ ಮಾತ್ರ ನನ್ನ ಜೀವಮಾನದಲ್ಲೇ ಚೆನ್ನಾಗಿ ಬಂದ ಪಾಠ. ಲಾಗಿನ್ ಕಳೆದುಕೊಂಡು ಬಂದವರಿಗೆ ಎರಡು ಗುರುತು ನೋಡದೆ ತೆರೆದುಕೊಡಬಾರದು. ಒಂದು, ಕಂಪನಿಯ ಕಾರ್ಡು ಕೈಯಲ್ಲಿರಬೇಕು. ಎರಡು, ಅವರ ಮೇಲಧಿಕಾರಿ ಎದುರಿಗೆ ಬಂದು ಹೇಳಬೇಕು, ಫೋನಿನಲ್ಲಿ ಹೇಳಿದರೆ ಆಗದು. ಮೋಸ ಮಾಡುವವರು ಪರಿಚಿತರ ದನಿಯಲ್ಲೇ ಬರುತ್ತಾರೆ ಎಂದೆಲ್ಲ ಹೇಳಿ, ಕೊನೆಗೆ ಎದೆ ತಟ್ಟಿಕೊಂಡು, ನಾನೇ ಬಂದು ನಿಂತರೂ ಬಿಡಬೇಡಿ ಎಂದೆ. ಮೂವರೂ ತಲೆಬಗ್ಗಿಸಿ ಬರೆದುಕೊಂಡರು. ಅವತ್ತು ಬಸ್ಸಿನಲ್ಲಿ ಸ್ಟಾಪಿನ ಯೋಚನೆಯೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆವು. ಒಟ್ಟು ಮೂವತ್ತೆರಡು ಹಂತ. ಹದಿನೆಂಟನೆಯದರವರೆಗೂ ಏನೂ ಕೆಡಲಿಲ್ಲ. ಹತ್ತೊಂಬತ್ತನೆಯದರಲ್ಲಿ ಹೊಸ ಆವೃತ್ತಿ ಎದ್ದು ಕೂತಿತು. ಇನ್ನು ಎಲ್ಲರೂ ಹೊಸದಾಗಿ ಒಳಗೆ ಬರಬೇಕು. ದಾಖಲೆಯಲ್ಲಿರುವ ಫೋನಿಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಒತ್ತಿದರೆ ಸರಿ. ಗೌರಕ್ಕನ ಫೋನು ಟಿಂಗ್ ಎಂದಿತು. ಮುರುಗೇಶನ್‌ದು ಎಂದಿತು. ವೆಂಕಟೇಶರದೂ ಎಂದಿತು. ನನ್ನದು ಸುಮ್ಮನೆ ಮೇಜಿನ ಮೇಲೆ ಮಲಗಿತ್ತು. ಎತ್ತಿ ಅಲ್ಲಾಡಿಸಿದೆ. ಕಿಟಕಿಯ ಹತ್ತಿರ ಹೋಗಿ ಹಿಡಿದೆ. ಆಮೇಲೆ ಹೊಳೆಯಿತು. ಈ ದಿನಕ್ಕಾಗಿ ಎರಡು ತಿಂಗಳು ಮೂರೂ ಘಟಕ ಸುತ್ತಿ, ಪ್ರತಿಯೊಬ್ಬರ ಹೊಸ ನಂಬರು ಬರೆದುಕೊಂಡಿದ್ದೆ. ಹೆಂಡತಿಯ ನಂಬರು ಕೊಟ್ಟಿದ್ದ ಒಬ್ಬ ಡ್ರೈವರಿಗೆ ಅರ್ಧ ಗಂಟೆ ಬುದ್ಧಿ ಹೇಳಿದ್ದೆ. ನನ್ನ ಹೆಸರಿನ ಮುಂದೆ ಮಾತ್ರ, ಎಷ್ಟೋ ವರ್ಷದ ಹಿಂದೆ ರಾಯಕೋಟೆ ಬಸ್ಸಿನಲ್ಲಿ ಕಳೆದುಹೋದ ಫೋನಿನ ನಂಬರೇ ಉಳಿದಿತ್ತು. ಆ ನಂಬರು ಈಗ ಯಾರದೋ, ಸಂಖ್ಯೆ ಬಂದದ್ದನ್ನು ನೋಡಿ ಅವರು ಏನೆಂದುಕೊಂಡರೋ. ನಾನು ಬಾಯಿಗೆ ಬಂದ ಸಂಖ್ಯೆ ಮೂರು ಸಲ ಒತ್ತಿದೆ. ವ್ಯವಸ್ಥೆ ನನ್ನನ್ನು ಅಪರಿಚಿತನೆಂದು ತೀರ್ಮಾನಿಸಿ ಬಾಗಿಲು ಹಾಕಿಕೊಂಡಿತು.

“ಗೌರಕ್ಕ, ನಂದು ಒಂದ್ಸಲ ತೆಗೆದುಕೊಡಿ,” ಎಂದೆ, ಸಹಜವಾಗಿ.

ಗೌರಕ್ಕ ನೋಟ್‌ಬುಕ್ಕು ತೆರೆದು ಮೂರನೆಯ ದಿನದ ಪುಟ ಹುಡುಕಿದರು. “ಕಾರ್ಡು ಕೊಡಿ ಸಾರ್.”

ಜೇಬು ಮುಟ್ಟಿ ನೋಡಿಕೊಂಡೆ. ಭಾನುವಾರವೆಂದು ಬೇರೆ ಅಂಗಿ ಹಾಕಿಕೊಂಡು ಬಂದಿದ್ದೆ. ಗೇಟಿನವನು ಮುಖ ನೋಡಿ ಸಲಾಂ ಹೊಡೆದು ಒಳಗೆ ಬಿಟ್ಟಿದ್ದ. ಸರೋಜಳಿಗೆ ಫೋನ್ ಮಾಡಿದೆ.

“ಅಂಗಿ ನೆನೆಹಾಕ್ಬುಟ್ಟಿವ್ನಿ ಕಣ್ರೀ,” ಎಂದಳು. “ಕಾರ್ಡು ಅದ್ರ ಜೇಬ್ನಾಗೇ ಇರ್ಬೇಕು. ಬಸ್ಸಿಗೆ ತಗಂಬತ್ತೀನಿ, ಗಾಬ್ರಿ ಬೀಳ್ಬ್ಯಾಡ್ರಿ.”

ಸೆಂದಿಲ್ ಸಾರ್‌ಗೂ ಫೋನ್ ಮಾಡಿದೆ. ಅವರು ಕೃಷ್ಣಗಿರಿಯಲ್ಲಿ ನೆಂಟರ ಮದುವೆಯಲ್ಲಿದ್ದರು. ಹಿಂದೆ ನಾಗಸ್ವರದ ಗಲಾಟೆ. ನಾನು ಕೂಗಿ ಹೇಳಿದ್ದು ಅವರಿಗೆ ಹೇಗೋ ಕೇಳಿಸಿ, ನಾರಾಯಣಸ್ವಾಮಿ ನನಗೆ ಹನ್ನೆರಡು ವರ್ಷದಿಂದ ಗೊತ್ತು, ತೆರೆದುಕೊಡಮ್ಮಾ ಎಂದು ಗೌರಕ್ಕನಿಗೆ ಹೇಳಿದರು. ಗೌರಕ್ಕ ಬಹಳ ವಿನಯದಿಂದ, ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ, ಹಾಗೆಂದು ಇವರೇ ಕಲಿಸಿದ್ದಾರೆ ಎಂದರು.  ಊಟದ ಪಂಕ್ತಿ ಮುಗಿಸಿ ಹೊರಡುತ್ತೇನೆ ಎಂದು ಸೆಂದಿಲ್ ಸಾರ್ ಫೋನಿಟ್ಟರು.

ನನಗೆ ಸಿಟ್ಟು ಬಂದದ್ದು ನಿಜ. “ನನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನಕ್ಕ?” ಎಂದೆ.

“ಮುಖ ಗೊತ್ತೈತೆ ಸಾರ್,” ಎಂದರು ಗೌರಕ್ಕ. “ಇವತ್ತು ಮುಖ ನೋಡಿ ಬುಟ್ರೆ, ನಾಳೆ ಇನ್ನೊಬ್ರ ಮುಖ ನೋಡೂ ಬುಡ್ಬೇಕಾಯ್ತದೆ. ನೀವು ವಸಿ ಆ ಕಡೆ ಕುಂತ್ಕಳಿ. ಪರದೆ ಕಾಣ್ಬಾರ್ದು.”

ಮೂಲೆಯ ಕುರ್ಚಿಯಲ್ಲಿ ಕೂತೆ. ನನ್ನ ಎದುರಿಗಿದ್ದದ್ದು ಮೂವರ ಬೆನ್ನು ಮತ್ತು ಗೋಡೆಯ ಗಡಿಯಾರ. ಸೋಮವಾರ ಬೆಳಿಗ್ಗೆ ಆರಕ್ಕೆ ಮೊದಲ ಶಿಫ್ಟು. ಗೇಟು ತೆರೆಯದಿದ್ದರೆ ತಳಿಯಿಂದ, ಬೇರಿಕೆಯಿಂದ ಬಂದ ಬಸ್ಸುಗಳೆಲ್ಲ ಹೊರಗೇ ನಿಲ್ಲುತ್ತವೆ; ಅಷ್ಟು ಜನವೂ ನನ್ನ ಹೆಸರು ಹಿಡಿದು ಕೇಳುತ್ತಾರೆ. ಎರಡೂವರೆಗೆ ಇಪ್ಪತ್ತಾರನೆಯ ಹಂತದಲ್ಲಿ ಮೂವರೂ ನಿಂತರು. ಹದಿನಾಲ್ಕು ಮುನಿರಾಜುಗಳು ಒಬ್ಬರೊಳಗೊಬ್ಬರು ಸೇರಿಕೊಂಡು ಆರು ಜನರಾಗಿದ್ದಾರೆ ಎನ್ನುವುದು ಕಿವಿಗೆ ಬಿತ್ತು. ಎರಡು ಮುಕ್ಕಾಲಾಯಿತು. ಗೌರಕ್ಕ ತಿರುಗಿ ನನ್ನತ್ತ ನೋಡಿ, ಮುಂದಕ್ಕೋ ಹಿಂದಕ್ಕೋ ಎಂದು ಕೇಳಿದರು. ನನ್ನ ಹೊಟ್ಟೆಯಲ್ಲಿದ್ದ ಉತ್ತರ ಹಿಂದಕ್ಕೆ ಎಂದೇ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ವೆಂಕಟೇಶ ತೆಲುಗಿನಲ್ಲಿ, ಹೆಸರು ನೋಡಿ ಹೊಂದಿಸಬಾರದು, ನೌಕರರ ನಂಬರು ನೋಡಿ ಹೊಂದಿಸಬೇಕು, ಎರಡನೆಯ ದಿನ ಸಾರೇ ಹೇಳಿದ್ದಾರಲ್ಲ ಎಂದರು. ಹಾಗೆ ಹೇಳಿದ್ದು ನನಗೆ ಕಿಂಚಿತ್ತೂ ನೆನಪಿರಲಿಲ್ಲ. ಮುರುಗೇಶನ್ ಏನನ್ನೋ ಒತ್ತಿದರು. ಮುನಿರಾಜುಗಳು ಒಬ್ಬೊಬ್ಬರಾಗಿ ಬಿಡಿಸಿಕೊಂಡು ಹೊರಗೆ ಬಂದರು. ಗೌರಕ್ಕ ಬೆರಳು ಮಡಿಸಿ ಹದಿನಾಲ್ಕು ಎಣಿಸಿ, ಮುಂದಕ್ಕೆ ಎಂದರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಮೂರೂವರೆಗೆ ಸೆಂದಿಲ್ ಸಾರ್ ರೇಷ್ಮೆ ಪಂಚೆಯಲ್ಲಿ, ಹಣೆಯ ಗಂಧದ ಸಮೇತ ಬಂದು, ಇವರು ನಾರಾಯಣಸ್ವಾಮಿಯೇ ಹೌದು ಎಂದು ಎಲ್ಲರೆದುರು ಸಾಕ್ಷಿ ಹೇಳಿದರು. ಒಂದು ಗುರುತಾಯಿತು, ಇನ್ನೊಂದು ಬೇಕು ಎಂದರು ಗೌರಕ್ಕ. ನಾಲ್ಕೂವರೆಗೆ ಮೂವತ್ತೆರಡನೆಯ ಹಂತ ಮುಗಿಯಿತು. ಐದಕ್ಕೆ ಸರೋಜ, ಭಾನುವಾರದ ಬಸ್ಸಿಗೆ ಕಾದು ಕಾದು, ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಅದರಲ್ಲಿ ನನ್ನ ಫೋಟೋ ಸೋಪಿನ ನೀರು ಕುಡಿದು ಅರ್ಧ ಬೆಳ್ಳಗಾಗಿತ್ತು. ಗೌರಕ್ಕ ಅದನ್ನು ಬೆಳಕಿಗೆ ಹಿಡಿದು, ನನ್ನ ಮುಖವನ್ನೂ ನೋಡಿ, ನಂಬರು ಬದಲಾಯಿಸಿ, ನನ್ನನ್ನು ಒಳಗೆ ಬಿಟ್ಟರು. ಒಳಗೆ ನಾನು ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಸೋಮವಾರ ಐದೂವರೆಗೇ ಗೇಟಿನ ಪಕ್ಕ ಹೋಗಿ ನಿಂತಿದ್ದೆ. ಒಬ್ಬೊಬ್ಬರೂ ಕಾರ್ಡು ತೋರಿಸಿದರು, ಹಸಿರು ದೀಪ ಬಂತು, ಒಳಗೆ ಹೋದರು. ಯಾರೂ ನನ್ನತ್ತ ನೋಡಲಿಲ್ಲ. ಪಾಠ ಹೇಳಿಕೊಟ್ಟವನೇ ಬೇಕಾಗದಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೀರಿ ಎಂದು ಸೆಂದಿಲ್ ಸಾರ್ ಹೊಗಳಿದರು. ಹೊಗಳಿಕೆಯೆಂದೇ ತೆಗೆದುಕೊಂಡೆ. ಹೋದ ವಾರ ಮುಂದಿನ ತರಬೇತಿಯ ಪಟ್ಟಿ ಬಂತು. ಕಲಿಸುವವರು ಗೌರಮ್ಮ, ಕಲಿಯುವವರಲ್ಲಿ ಮೊದಲ ಹೆಸರು ನನ್ನದು. ಸರೋಜಳಿಗೆ ತೋರಿಸಿದರೆ, ಇನ್ನು ಪಾಠ ಹೇಳುವ ಭಯವಿಲ್ಲ, ನೆಮ್ಮದಿಯಾಗಿ ಕೂತು ಕೇಳಿಕೊಂಡು ಬನ್ನಿ ಎಂದಳು. ನೆಮ್ಮದಿಯೇನೋ ಸರಿ. ಆದರೆ ಇಷ್ಟು ವರ್ಷ ನಾನು ಇಲ್ಲದಿದ್ದರೆ ಏನೇನು ಕೆಟ್ಟುಹೋದೀತು ಎಂದೇ ಭಯಪಟ್ಟುಕೊಂಡು ಬಂದವನಿಗೆ, ಏನೂ ಕೆಡದಿದ್ದರೆ ಏನು ಗತಿ ಎಂಬ ಭಯವೂ ಇರಬಹುದೆಂದು ತಿಳಿದಿರಲಿಲ್ಲ. ಈಗ ಬೆಳಿಗ್ಗೆ ಬಸ್ಸು ಹತ್ತಿದ ಕೂಡಲೇ ಮೊದಲು ಆ ಗಾಬರಿ ಮುಗಿಸಿಕೊಳ್ಳುತ್ತೇನೆ, ಸ್ಟಾಪಿನದು ಆಮೇಲೆ.